ನೀರು ಬಿಡದ ಚಿಕನ್ ಸಲಾಡ್ ರ‍್ಯಾಪ್: ಮಧ್ಯಾಹ್ನದ ಊಟಕ್ಕೆ, ಮನೆಯ ಚಪಾತಿಯಲ್ಲೇ

ನಾನು ಮೊದಲ ಸಲ ಚಿಕನ್ ಸಲಾಡ್ ರ‍್ಯಾಪ್ ಮಾಡಿದ ದಿನ ರುಚಿಗೆ ಏನೂ ಕೊರತೆ ಇರಲಿಲ್ಲ. ಆದರೆ ಮಗಳು ಎರಡನೇ ತುತ್ತು ಕಚ್ಚುವಷ್ಟರಲ್ಲಿ ಚಪಾತಿಯ ತಳ ಹರಿದು, ಮೊಸರಿನ ನೀರು ಮುಂಗೈ ಮೇಲೆ ಇಳಿದು, ಒಳಗಿದ್ದದ್ದೆಲ್ಲ ತಟ್ಟೆಗೆ ಬಿತ್ತು. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ನಮ್ಮತ್ತೆ ತಟ್ಟೆ ನೋಡಿ ಒಂದೇ ಮಾತು ಕೇಳಿದರು: ‘ಸೌತೆಕಾಯಿಗೆ ಉಪ್ಪು ಯಾವಾಗ ಹಾಕ್ದೆ?’

ರಾಮನವಮಿಗೆ ಕೋಸಂಬರಿ ಮಾಡುವ ಯಾವ ಮನೆಯಲ್ಲೂ ಈ ವಿಷಯ ಗೊತ್ತು. ಬೇಳೆ ನೆನೆಸಿ, ಸೌತೆಕಾಯಿ ಹೆಚ್ಚಿ, ಕಾಯಿ ತುರಿದು ಎಲ್ಲ ಸಿದ್ಧವಾಗಿದ್ದರೂ ಅತ್ತೆ ಉಪ್ಪು, ನಿಂಬೆರಸ ಮುಟ್ಟುವುದು ಎಲೆ ಹಾಕಿದ ಮೇಲೆಯೇ. ಉಪ್ಪು ತರಕಾರಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಮುಂಚೆ ಹಾಕಿದರೆ ಬಡಿಸುವ ಹೊತ್ತಿಗೆ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ಕೋಸಂಬರಿಯಲ್ಲಾದರೆ ಬಗ್ಗಿಸಿ ಚೆಲ್ಲಬಹುದು. ಚಪಾತಿಯೊಳಗೆ ಸುತ್ತಿದ ಮೇಲೆ ಆ ನೀರಿಗೆ ಹೋಗಲು ಬೇರೆ ದಾರಿಯಿಲ್ಲ, ಚಪಾತಿಯೇ ಕುಡಿಯಬೇಕು. ಆ ದಿನದಿಂದ ಈ ತಿಂಡಿಯನ್ನು ನಾನು ಕೋಳಿ ಬೆರೆಸಿದ ಕೋಸಂಬರಿ ಎಂದೇ ತಿಳಿದು ಮಾಡುತ್ತಿದ್ದೇನೆ. ತರಕಾರಿಯ ನೀರು ಹೊರಗೆ ಹೋಗಬೇಕು, ಕೋಳಿಯ ನೀರು ಒಳಗೇ ಉಳಿಯಬೇಕು. ಮುಂದಿನ ಹಂತಗಳೆಲ್ಲ ಈ ಎರಡು ಕೆಲಸಕ್ಕಾಗಿಯೇ ಇವೆ.

ಏನೇನು, ಎಷ್ಟೆಷ್ಟು

ಇಬ್ಬರಿಗೆ ನಾಲ್ಕು ರ‍್ಯಾಪ್ ಸಾಕು. ಮೂಳೆಯಿಲ್ಲದ ಕೋಳಿ ಎದೆಮಾಂಸ 300 ಗ್ರಾಂ, ಗಟ್ಟಿ ಮೊಸರು ಒಂದು ದೊಡ್ಡ ಲೋಟ (ಸುಮಾರು 250 ಮಿ.ಲೀ.), ಎಳೆ ಸೌತೆಕಾಯಿ ಒಂದು, ಸಣ್ಣ ಈರುಳ್ಳಿ ಒಂದು, ಕ್ಯಾರೆಟ್ ಒಂದು, ಎಲೆಕೋಸಿನ ಅಗಲವಾದ ಎಲೆ ನಾಲ್ಕು, ಹಸಿಮೆಣಸಿನಕಾಯಿ ಎರಡು, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಹತ್ತು ಹನ್ನೆರಡು ಪುದೀನ ಎಲೆ, ಅರ್ಧ ನಿಂಬೆಹಣ್ಣು, ಹುರಿದು ಸಿಪ್ಪೆ ತೆಗೆದ ಕಡಲೆಬೀಜ ಎರಡು ಚಮಚ, ಆಗಷ್ಟೇ ಕುಟ್ಟಿದ ಕರಿಮೆಣಸಿನ ಪುಡಿ ಒಂದು ಟೀ ಚಮಚ, ಉಪ್ಪು. ಕೋಳಿ ಬೇಯಿಸುವ ನೀರಿಗೆ ಒಂದು ಬೆರಳ ಗಿಣ್ಣಿನಷ್ಟು ಶುಂಠಿ, ನಾಲ್ಕು ಎಸಳು ಬೆಳ್ಳುಳ್ಳಿ. ಚಪಾತಿಗೆ 160 ಗ್ರಾಂ ಗೋಧಿ ಹಿಟ್ಟು, ಸುಮಾರು 100 ಮಿ.ಲೀ. ನೀರು, ಒಂದು ಚಮಚ ಎಣ್ಣೆ.

ಟೊಮೆಟೊ ಬೇಡ. ಬೀಜ ತೆಗೆದು ಹಾಕಿದರೂ ಅದು ನೀರು ಬಿಡುತ್ತದೆ. ಹುಳಿಗೆ ನಿಂಬೆ ಇದ್ದೇ ಇದೆ.

ಸೊಪ್ಪು, ಸೌತೆಕಾಯಿಗೆ ನಾನು ಬೆಳಿಗ್ಗೆ ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗುತ್ತೇನೆ. ನಿಮ್ಮ ಬೀದಿಗೆ ಬರುವ ತಳ್ಳುಗಾಡಿಯಲ್ಲಿ ಸಿಗುವುದೂ ನಡೆಯುತ್ತದೆ. ಸೌತೆಕಾಯಿ ಎಳೆಯದಿರಬೇಕು ಅಷ್ಟೆ. ಉಗುರು ಒತ್ತಿದರೆ ಸಿಪ್ಪೆಯೊಳಗೆ ಸುಲಭವಾಗಿ ಇಳಿಯಬೇಕು. ಬಲಿತದ್ದರಲ್ಲಿ ತಿರುಳಿಗಿಂತ ಬೀಜದ ಲೋಳೆಯೇ ಹೆಚ್ಚು.

ಕೋಳಿ ಅಂಗಡಿಯಲ್ಲಿ ಏನು ಕೇಳಬೇಕು

‘ಬೋನ್‌ಲೆಸ್, ಬ್ರೆಸ್ಟ್ ಪೀಸ್ ಕೊಡಿ, ಕಟ್ ಮಾಡ್ಬೇಡಿ’ ಎಂದು ಹೇಳಿ. ಕೊನೆಯ ಮಾತನ್ನು ಮರೆಯಬೇಡಿ. ಹೇಳದಿದ್ದರೆ ಅಂಗಡಿಯವರು ಅಭ್ಯಾಸದಂತೆ ಸಣ್ಣ ತುಂಡು ಮಾಡಿಬಿಡುತ್ತಾರೆ. ಸಾರಿಗೆ ಅದೇ ಸರಿ. ಸಲಾಡಿಗೆ ಮಾಂಸ ದೊಡ್ಡ ಹೋಳಾಗಿಯೇ ಬೇಯಬೇಕು, ಏಕೆಂದರೆ ತುಂಡು ಸಣ್ಣದಾದಷ್ಟೂ ರಸ ಸೋರಿ ಒಣಗುತ್ತದೆ.

ನಾನು ಮಂಡ್ಯ ಕಡೆಯವಳು, ನಾಟಿ ಕೋಳಿ ಬಿಟ್ಟು ಬೇರೆಯದಕ್ಕೆ ರುಚಿಯಿಲ್ಲ ಎನ್ನುವ ಮನೆಯಲ್ಲಿ ಬೆಳೆದವಳು. ಆದರೂ ಇಲ್ಲಿ ಫಾರಂ ಕೋಳಿಯೇ ಬೇಕೆನ್ನುತ್ತೇನೆ. ಓಡಾಡಿ ಬೆಳೆದ ನಾಟಿ ಕೋಳಿಯ ಮಾಂಸ ಗಟ್ಟಿ. ಅದಕ್ಕೆ ಮಸಾಲೆ, ಎಸರು, ನಿಧಾನದ ಉರಿ, ಪಕ್ಕದಲ್ಲಿ ಮುದ್ದೆ ಎಲ್ಲ ಬೇಕು. ಇಪ್ಪತ್ತು ನಿಮಿಷದಲ್ಲಿ ಬೇಯಿಸಿ ತಣ್ಣಗೆ ತಿನ್ನುವ ಸಲಾಡಿಗೆ ಅದನ್ನು ಹಾಕಿದರೆ ಜಗಿಯುವುದೇ ಕೆಲಸವಾಗುತ್ತದೆ.

ಮನೆಗೆ ತಂದ ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಅರಿಶಿನ, ಉಪ್ಪು ಹಾಕಿ ಮೂರು ನೀರು ತೊಳೆಯುವುದು ನಮ್ಮ ಕಡೆಯ ರೂಢಿ, ನಾನೂ ಬಹಳ ವರ್ಷ ಹಾಗೇ ಮಾಡಿದ್ದೆ. ಆದರೆ ನೀರಿನ ರಭಸಕ್ಕೆ ಸಣ್ಣ ಹನಿಗಳು ಸಿಂಕಿನ ಅಂಚಿಗೆ, ಪಕ್ಕದಲ್ಲಿಟ್ಟ ಲೋಟಕ್ಕೆ, ಹೆಚ್ಚಿಟ್ಟ ಸೊಪ್ಪಿಗೆ ಹಾರುತ್ತವೆ. ಹಸಿ ಕೋಳಿಯಲ್ಲಿ ಇರಬಹುದಾದ ಸಾಲ್ಮೊನೆಲ್ಲ, ಕ್ಯಾಂಪಿಲೊಬ್ಯಾಕ್ಟರ್ ರೋಗಾಣುಗಳೂ ಅವುಗಳ ಜೊತೆ ಹೋಗುತ್ತವೆ. ತೊಳೆದರೆ ಅವು ಸಾಯುವುದಿಲ್ಲ, ಬಿಸಿಗೆ ಸಾಯುತ್ತವೆ. ಸಲಾಡಿನಲ್ಲಿ ಹಸಿ ತರಕಾರಿ ಇರುವುದರಿಂದ ಈ ಎಚ್ಚರ ಸಾರಿಗಿಂತ ಇಲ್ಲಿ ಹೆಚ್ಚು ಬೇಕು. ತೊಳೆಯದೆ ಮನಸ್ಸು ಒಪ್ಪದಿದ್ದರೆ ಅಗಲ ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಸಿಂಕು, ಪಾತ್ರೆ, ಕೈ ಮೂರನ್ನೂ ಸೋಪಿನಿಂದ ತೊಳೆಯಿರಿ. ಕೋಳಿ ಕೊಯ್ದ ಚಾಕು, ಮಣೆಯಲ್ಲಿ ಸೌತೆಕಾಯಿ ಹೆಚ್ಚಬೇಡಿ. ನಾನು ತರಕಾರಿಯನ್ನೆಲ್ಲ ಮೊದಲು ಹೆಚ್ಚಿ ಮುಚ್ಚಿಟ್ಟು ಆಮೇಲಷ್ಟೇ ಕೋಳಿ ಮುಟ್ಟುತ್ತೇನೆ.

ಮೊಸರು: ಹಿಂದಿನ ರಾತ್ರಿಯೇ ಕಟ್ಟಿಡಿ

ಹಳೆಯ ಬಿಳಿ ಪಂಚೆಯ ತುಂಡೊಂದನ್ನು ತೊಳೆದು, ಬಿಸಿನೀರಲ್ಲಿ ಅದ್ದಿ ಹಿಂಡಿ, ಜರಡಿಯ ಮೇಲೆ ಹಾಸಿ. ಮೊಸರು ಸುರಿದು ಗಂಟು ಕಟ್ಟಿ, ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿಡಿ. ಹೊರಗೆ ನೇತುಹಾಕಿದರೆ ಬೆಳಿಗ್ಗೆಗೆ ಹುಳಿ ಏರಿರುತ್ತದೆ. ರಾತ್ರಿ ಮರೆತಿರಾದರೆ ಒಂದೆರಡು ಗಂಟೆ ಕಟ್ಟಿದರೂ ಕೆಲಸ ನಡೆಯುತ್ತದೆ. ಚಮಚದಲ್ಲಿ ಎತ್ತಿ ಬಗ್ಗಿಸಿದಾಗ ತಟ್ಟನೆ ಜಾರದಿದ್ದರೆ ಸಾಕು. ಇಳಿದ ತಿಳಿನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಅದನ್ನೇ ಬಳಸಿ. ಹಿಟ್ಟು ಮೆತ್ತಗಾಗುತ್ತದೆ, ಸಣ್ಣ ಹುಳಿಯೂ ಸೇರುತ್ತದೆ.

ಮೊಸರಿನ ಬದಲು ಮೊಟ್ಟೆ, ಎಣ್ಣೆ ಕಡೆದು ಮಾಡುವ ಮಯೊನೀಸ್ ಹಾಕಬಹುದೇ ಎಂದು ಗೆಳತಿಯರು ಕೇಳುತ್ತಾರೆ. ಈ ಸಲಾಡಿನ ಮೂಲ ರೂಪದಲ್ಲಿ ಅದೇ ಇರುವುದು. ಹಾಕುವುದಾದರೆ ಮುಚ್ಚಳ ಭದ್ರವಾಗಿರುವ ಕಂಪನಿ ಬಾಟಲಿಯದ್ದು ತನ್ನಿ, ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ. ಹಸಿ ಮೊಟ್ಟೆ ಒಡೆದು ಮನೆಯಲ್ಲೇ ಕಡೆಯುವುದು ನಮ್ಮ ಬೇಸಿಗೆಗೆ ಒಗ್ಗುವ ಕೆಲಸವಲ್ಲ. ಹಸಿ ಮೊಟ್ಟೆಯ ಮಯೊನೀಸ್ ಮಾರಾಟವನ್ನು ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಒಂದೊಂದು ವರ್ಷ ನಿಷೇಧಿಸಿದ್ದು ಅದರಲ್ಲಿ ರೋಗಾಣು ಬೆಳೆಯುವ ಭಯದಿಂದ. ರುಚಿಯ ಮಾತಾದರೂ ಅಷ್ಟೇ: ಪುದೀನ, ಹಸಿಮೆಣಸಿಗೆ ಮೊಸರು ಒಗ್ಗುವಂತೆ ಮಯೊನೀಸ್ ಒಗ್ಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೋಳಿ ಬೇಯಿಸುವುದು

ಇಡೀ ಅಡುಗೆಯಲ್ಲಿ ಗಮನ ಕೇಳುವ ಹಂತ ಇದೊಂದೇ. ಎದೆಮಾಂಸದಲ್ಲಿ ಕೊಬ್ಬು ಕಡಿಮೆ. ಕೊತಕೊತ ಕುದಿಸಿದರೆ ಮಾಂಸದ ಎಳೆಗಳು ಬಿಗಿದುಕೊಂಡು, ಬಟ್ಟೆ ಹಿಂಡಿದ ಹಾಗೆ ಒಳಗಿನ ರಸವನ್ನೆಲ್ಲ ಹೊರಗೆ ದೂಡುತ್ತವೆ. ಬೆಂದ ಕೋಳಿ ನೀರಿನಲ್ಲೇ ಇದ್ದರೂ ಬಾಯಿಗೆ ಒಣಗಿದ ನಾರಿನ ಹಾಗೆ ಸಿಗುವುದು ಅದಕ್ಕೇ. ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದರೂ ಇದೇ ಗತಿ.

ಎದೆಮಾಂಸದ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುತ್ತದೆ. ಚಾಕುವನ್ನು ಮಣೆಗೆ ಸಮಾನಾಂತರವಾಗಿ ಹಿಡಿದು, ಬನ್ನನ್ನು ಸೀಳುವ ಹಾಗೆ ಅಡ್ಡಕ್ಕೆ ಸೀಳಿ ಎರಡು ತೆಳು ಹೋಳು ಮಾಡಿ. ಈಗ ಎಲ್ಲ ಕಡೆ ಒಂದೇ ಸಮನೆ ಬೇಯುತ್ತದೆ, ಬೇಗಲೂ ಬೇಯುತ್ತದೆ.

ಅಗಲ ಪಾತ್ರೆಯಲ್ಲಿ ಹೋಳುಗಳನ್ನು ಒಂದರ ಮೇಲೊಂದು ಬಾರದ ಹಾಗೆ ಜೋಡಿಸಿ. ಮುಳುಗಿ ಒಂದು ಬೆರಳು ಮೇಲೆ ನಿಲ್ಲುವಷ್ಟು ತಣ್ಣೀರು, ಒಂದು ಟೀ ಚಮಚ ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಏಳೆಂಟು ಕರಿಮೆಣಸಿನ ಕಾಳು, ಚಿಟಿಕೆ ಅರಿಶಿನ ಹಾಕಿ. ಬಿಸಿನೀರಿಗೆ ಹಾಕಿದರೆ ಹೊರಭಾಗ ತಕ್ಷಣ ಬಿಗಿದು ಒಳಗೆ ಹಸಿ ಉಳಿಯುತ್ತದೆ, ಆದ್ದರಿಂದ ತಣ್ಣೀರಿನಿಂದಲೇ ಶುರುಮಾಡಿ. ಮಧ್ಯಮ ಉರಿಯಲ್ಲಿಟ್ಟು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿದ ಕೂಡಲೇ ಉರಿ ಪೂರ್ತಿ ಇಳಿಸಿ. ನೀರು ನಡುಗುತ್ತಿರಬೇಕು, ಕುದಿಯಬಾರದು. ಮೇಲೆ ಬಂದ ನೊರೆ ತೆಗೆದು, ಹಾಗೇ ಎಂಟು ನಿಮಿಷ ಬಿಡಿ. ಒಲೆ ಆರಿಸಿ, ಮುಚ್ಚಳ ಮುಚ್ಚಿ ಇನ್ನು ಐದಾರು ನಿಮಿಷ ಆ ಬಿಸಿಯಲ್ಲೇ ಇರಲಿ.

ಬೆಂದಿದೆಯೇ ನೋಡಲು ಎಲ್ಲಕ್ಕಿಂತ ದಪ್ಪ ಹೋಳನ್ನು ನಡುವೆ ಕೊಯ್ಯಿರಿ. ಒಳಗೆ ಎಲ್ಲೂ ಗುಲಾಬಿ ಬಣ್ಣ ಇರಬಾರದು, ಒತ್ತಿದರೆ ಬರುವ ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು; ಕಣ್ಣಂದಾಜಿಗಿಂತ ಅದೇ ನಂಬಿಕೆಯ ಅಳತೆ. ಅನುಮಾನ ಬಂದರೆ ಮತ್ತೆ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿಡಿ.

ಬೇಯಿಸಿದ ನೀರು ಒಳ್ಳೆಯ ಕೋಳಿರಸ. ಅದನ್ನು ಒಲೆಯ ಮೇಲೇ ಇಟ್ಟುಕೊಂಡಿರಿ, ಎಲೆಕೋಸಿಗೆ ಬೇಕಾಗುತ್ತದೆ. ಆಮೇಲೆ ಒಂದು ಕುದಿ ಬರಿಸಿ, ಮೆಣಸು ಜೀರಿಗೆ ಕುಟ್ಟಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಂಜೆಗೆ ಮೆಣಸಿನ ಸಾರು. ಶೀತ ನೆಗಡಿ ಇದ್ದವರು ಅದಕ್ಕಾಗಿಯೇ ಕಾಯುತ್ತಿರುತ್ತಾರೆ.

ಹೋಳುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಆರಲು ಬಿಡಿ. ಫ್ಯಾನಿನ ಕೆಳಗೆ ಹದಿನೈದು ನಿಮಿಷ ಸಾಕು. ಬಿಸಿ ಕೋಳಿಯನ್ನು ಮೊಸರಿಗೆ ಹಾಕಿದರೆ ಮೊಸರು ಒಡೆದು ನೀರಾಗುತ್ತದೆ, ರಾತ್ರಿಯಿಡೀ ಕಟ್ಟಿದ್ದು ದಂಡ. ಆರಿದ ಮೇಲೆ ಎಳೆ ಯಾವ ಕಡೆಗೆ ಓಡಿದೆ ನೋಡಿ, ಅದಕ್ಕೆ ಅಡ್ಡವಾಗಿ ಬೆರಳಗಲ ಕೊಯ್ದು, ಆಮೇಲೆ ಸಣ್ಣ ಚೌಕ ಮಾಡಿ. ಕೈಯಲ್ಲಿ ಎಳೆಎಳೆಯಾಗಿ ಬಿಡಿಸುವವರೂ ಇದ್ದಾರೆ. ನೋಡಲು ಚೆಂದ, ಆದರೆ ಕಚ್ಚಿದಾಗ ಉದ್ದನೆಯ ಎಳೆ ಹಲ್ಲಿಗೆ ಸಿಕ್ಕಿ ಒಳಗಿನ ಹೂರಣವನ್ನೆಲ್ಲ ಎಳೆದು ತರುತ್ತದೆ.

300 ಗ್ರಾಂ ಹಸಿ ಮಾಂಸ ಬೆಂದ ಮೇಲೆ ಸುಮಾರು 225 ಗ್ರಾಂಗೆ ಇಳಿಯುತ್ತದೆ. ಬೆಂದ ಎದೆಮಾಂಸದಲ್ಲಿ 100 ಗ್ರಾಂಗೆ ಸುಮಾರು 31 ಗ್ರಾಂ ಪ್ರೋಟೀನ್ ಇರುವುದರಿಂದ, ಎರಡು ರ‍್ಯಾಪ್ ತಿಂದವರಿಗೆ ಕೋಳಿಯಿಂದಲೇ 30 ಗ್ರಾಂಗಿಂತ ಹೆಚ್ಚು ಸಿಕ್ಕಿತು. ಸಂಜೆ ನಾಲ್ಕಕ್ಕೆ ಮತ್ತೆ ಹಸಿವೆಂದು ಡಬ್ಬ ತೆರೆಯುವುದು ತಪ್ಪುತ್ತದೆ.

ತರಕಾರಿಯ ನೀರು ತೆಗೆಯುವುದು

ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಚಮಚದ ತುದಿಯಿಂದ ನಡುವಿನ ಬೀಜವನ್ನೆಲ್ಲ ಕೆರೆದು ತೆಗೆಯಿರಿ. ಹೆಚ್ಚಿನ ನೀರು ಇರುವುದು ಅಲ್ಲೇ. ಉಳಿದ ಗಟ್ಟಿ ತಿರುಳನ್ನು ಕೋಸಂಬರಿಗೆ ಹೆಚ್ಚುವಷ್ಟೇ ಸಣ್ಣಗೆ ಹೆಚ್ಚಿ. ಕಾಲು ಟೀ ಚಮಚ ಉಪ್ಪು ಬೆರೆಸಿ ಹತ್ತು ನಿಮಿಷ ಜರಡಿಯಲ್ಲಿಟ್ಟು, ಹಿಡಿಯಲ್ಲಿ ಹಿಂಡಿ. ಅತ್ತೆ ಕೊನೆಗೆ ಹಾಕುವ ಉಪ್ಪನ್ನು ಇಲ್ಲಿ ಮೊದಲೇ ಹಾಕಿ, ನೀರನ್ನು ಬೇಕೆಂದೇ ಬಿಡಿಸಿ, ಹಿಂಡಿ ತೆಗೆಯುತ್ತಿದ್ದೇವೆ. ಹಿಂಡಿದ ಮೇಲೂ ಸೌತೆಕಾಯಿ ಕರಮುರು ಎನ್ನುತ್ತದೆ.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಎರಡು ನಿಮಿಷ ತಣ್ಣೀರಲ್ಲಿ ಹಾಕಿ ಹಿಂಡಿದರೆ ಘಾಟು ಹೋಗುತ್ತದೆ. ಕ್ಯಾರೆಟ್ ತುರಿಯಬೇಡಿ, ತುರಿದದ್ದು ಬೇಗ ನೀರು ಬಿಡುತ್ತದೆ, ಕಡ್ಡಿಕಡ್ಡಿಯಾಗಿ ಹೆಚ್ಚಿ. ಸೊಪ್ಪು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿಯೇ ಹೆಚ್ಚಬೇಕು.

ಎಲೆಕೋಸಿನ ಎಲೆ ಇರುವುದು ಚಪಾತಿಗೂ ಹೂರಣಕ್ಕೂ ನಡುವೆ ಅಡ್ಡ ಹಾಸಲು. ಎಲೆಯ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಳು ಮಾಡಿ, ಕೋಳಿ ಬೇಯಿಸಿದ ನೀರನ್ನು ಕುದಿಸಿ ಅದರಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ. ಬಾಡಿ ಮೆತ್ತಗಾಗುತ್ತದೆ, ಮಡಿಸಿದರೆ ಮುರಿಯುವುದಿಲ್ಲ. ಎರಡೂ ಕಡೆ ಒಣಬಟ್ಟೆಯಿಂದ ಒರೆಸಿ. ಲೆಟ್ಯೂಸ್ ಸೊಪ್ಪು ಸಿಕ್ಕರೆ ಈ ಕೆಲಸ ಉಳಿಯುತ್ತದೆ, ಆದರೆ ಕೋಸು ಹೆಚ್ಚು ಹೊತ್ತು ತಡೆಯುತ್ತದೆ.

ಸುತ್ತಲು ಬರುವ ಚಪಾತಿ

ಹಿಟ್ಟನ್ನು ಸ್ವಲ್ಪ ಸಡಿಲವಾಗಿಯೇ ಕಲಸಿ, ಎಣ್ಣೆ ಹಾಕಿ ಐದು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಕೋಳಿ ಒಲೆಗಿಡುವ ಮೊದಲೇ ಇದು ಆಗಿರಲಿ. ನಾಲ್ಕು ಉಂಡೆ ಮಾಡಿ, ಮಾಮೂಲಿಗಿಂತ ಅಗಲವಾಗಿ, ಒಂಬತ್ತು ಅಂಗುಲ ಬರುವ ಹಾಗೆ ಲಟ್ಟಿಸಿ. ಅಂಚು ನಡುವಿಗಿಂತ ದಪ್ಪ ಉಳಿಯಬಾರದು, ಮಡಿಸಿದಾಗ ಅಲ್ಲೇ ಹಿಟ್ಟುಹಿಟ್ಟಾಗಿ ಸಿಗುತ್ತದೆ.

ಕಾವಲಿ ಚೆನ್ನಾಗಿ ಕಾದಿರಲಿ. ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಚಪಾತಿಯ ತೇವ ಆರಿ ಹಪ್ಪಳವಾಗುತ್ತದೆ. ದೊಡ್ಡ ಉರಿಯಲ್ಲಿ ಬೇಗ ಎರಡೂ ಕಡೆ ಬೇಯಿಸಿ ಇಳಿಸಿ, ಬಟ್ಟೆಯಲ್ಲಿ ಸುತ್ತಿಡಿ. ಚಪಾತಿ ಮೆತ್ತಗಿರುವುದು ಸಣ್ಣ ವಿಷಯವೇನಲ್ಲ. ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿ ತಯಾರಿಸುವ ವಿದ್ಯೆಯನ್ನು ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಕೂತು ಕಂಡುಹಿಡಿದರು. ನಮಗೆ ಬೇಕಾಗಿರುವುದು ಅರ್ಧ ಗಂಟೆಯ ಮೆತ್ತನೆ ಅಷ್ಟೆ, ಅದನ್ನು ಎಣ್ಣೆ ಮತ್ತು ಬಟ್ಟೆಯೇ ಕೊಡುತ್ತವೆ.

ರಾಗಿ ರೊಟ್ಟಿಯಲ್ಲಿ ಸುತ್ತಲು ನಾನು ನಾಲ್ಕೈದು ಸಲ ಪ್ರಯತ್ನಿಸಿದೆ. ರಾಗಿಯಲ್ಲಿ ಗೋಧಿಯ ಜಿಗುಟು ಇಲ್ಲ, ಮಡಿಸಿದ ಕಡೆ ಬಿರಿಯುತ್ತದೆ. ರಾಗಿ ಬೇಕೇ ಬೇಕೆಂದರೆ ಒಂದು ಪಾಲು ರಾಗಿಗೆ ಮೂರು ಪಾಲು ಗೋಧಿ ಬೆರೆಸಿ, ಬಿಸಿನೀರಲ್ಲಿ ಕಲಸಿ.

ಬೆರೆಸಿ ಸುತ್ತುವುದು

ಎಲ್ಲರೂ ಕೈ ತೊಳೆದು ಬಂದ ಮೇಲೆ ಬೆರೆಸಲು ಶುರುಮಾಡಿ. ಕಟ್ಟಿದ ಮೊಸರು ಆರು ದೊಡ್ಡ ಚಮಚ ತೆಗೆದುಕೊಂಡು, ಅದಕ್ಕೆ ಕರಿಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ, ಪುದೀನ ಸೇರಿಸಿ. ಆಮೇಲೆ ಕೋಳಿ, ಸೌತೆಕಾಯಿ, ಈರುಳ್ಳಿ, ಕ್ಯಾರೆಟ್ ಹಾಕಿ ಚಮಚದಿಂದ ಮೇಲೆ ಕೆಳಗೆ ಮಾಡಿ. ಈಗ ರುಚಿ ನೋಡಿ. ಕೋಳಿಯಲ್ಲಿ, ಸೌತೆಕಾಯಿಯಲ್ಲಿ ಉಪ್ಪು ಇರುವುದರಿಂದ ಹೆಚ್ಚು ಬೇಕಾಗುವುದಿಲ್ಲ. ನಿಂಬೆರಸ, ಕುಟ್ಟಿದ ಕಡಲೆಬೀಜ ಕಟ್ಟಕಡೆಗೆ.

ಚಪಾತಿ ಉಗುರು ಬೆಚ್ಚಗಿರಬೇಕು. ಬಿಸಿ ಇದ್ದರೆ ಒಳಗೆ ಹಬೆ ಕೂತು ಒದ್ದೆ, ತೀರ ತಣ್ಣಗಿದ್ದರೆ ಸೀಳು. ನಡುವೆ ಎಲೆಕೋಸಿನ ಎಲೆ ಹಾಸಿ, ಅದರ ಮೇಲೆ ಹೂರಣದ ಕಾಲು ಭಾಗವನ್ನು ನಿಮ್ಮ ಕಡೆಗೆ ಸ್ವಲ್ಪ ಒತ್ತಿ ಉದ್ದಕ್ಕೆ ಇಡಿ. ಎರಡು ಪಕ್ಕದಲ್ಲೂ ಎರಡೆರಡು ಬೆರಳು ಜಾಗ ಬಿಡಿ. ಮೊದಲು ಎಡ ಬಲದ ಅಂಚನ್ನು ಒಳಕ್ಕೆ ಮಡಿಸಿ, ಆಮೇಲೆ ನಿಮ್ಮ ಕಡೆಯ ಅಂಚನ್ನು ಎತ್ತಿ ಹೂರಣದ ಮೇಲೆ ಹೊದಿಸಿ, ಬೆರಳಲ್ಲಿ ಒಳಕ್ಕೆ ಎಳೆದುಕೊಳ್ಳುತ್ತ ಬಿಗಿಯಾಗಿ ಮುಂದಕ್ಕೆ ಸುತ್ತಿ. ಹಾಸಿಗೆ ಸುತ್ತಿದ ಹಾಗೆ. ಕೂಡಿದ ಅಂಚು ಕೆಳಗೆ ಬರುವಂತೆ ಇಟ್ಟು ಎರಡು ನಿಮಿಷ ಬಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ. ಬೇಕಿದ್ದರೆ ಆ ಅಂಚನ್ನು ಮಾತ್ರ ಬಿಸಿ ಕಾವಲಿಗೆ ಅರ್ಧ ನಿಮಿಷ ತಾಗಿಸಿ. ಓರೆಯಾಗಿ ಎರಡು ಮಾಡಿ ಕೊಡಿ.

ಡಬ್ಬಿಗೆ ಕಟ್ಟುವವರಿಗೆ

ನಮ್ಮ ಮನೆಯವರು ಬೆಳಿಗ್ಗೆ ರೈಲು ಹಿಡಿದು ಮಂಡ್ಯಕ್ಕೆ ಕೆಲಸಕ್ಕೆ ಹೋಗುತ್ತಾರೆ. ಎಂಟಕ್ಕೆ ಕಟ್ಟಿದ ಡಬ್ಬಿ ತೆರೆಯುವುದು ಒಂದೂವರೆಗೆ. ಬೆಂದ ಕೋಳಿ, ಮೊಸರು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು; 32 ಡಿಗ್ರಿ ದಾಟುವ ಬಿಸಿಲಿನಲ್ಲಿ ಒಂದೇ ಗಂಟೆ. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳು ಬೇಗ ಹೆಚ್ಚುತ್ತವೆ, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಹಾಗಾಗಿ ಅವರಿಗೆ ಈ ರ‍್ಯಾಪನ್ನು ಬರಿದೆ ಸುತ್ತಿ ಕಳಿಸುವುದಿಲ್ಲ. ರಾತ್ರಿಯೇ ಬೆರೆಸಿ ಫ್ರಿಜ್ಜಿನಲ್ಲಿ ತಣ್ಣಗಾದ ಹೂರಣವನ್ನು ಸ್ಟೀಲ್ ಡಬ್ಬಿಯಲ್ಲಿ, ಫ್ರೀಜರಿನಲ್ಲಿ ಗಟ್ಟಿಯಾದ ಐಸ್ ಪ್ಯಾಕ್ ಜೊತೆ ದಪ್ಪ ಚೀಲಕ್ಕೆ ಹಾಕುತ್ತೇನೆ. ಚಪಾತಿ ಬೇರೆ ಡಬ್ಬಿ. ಕಚೇರಿ ತಲುಪಿದೊಡನೆ ಅಲ್ಲಿಯ ಫ್ರಿಜ್ಜಿಗೆ, ಸುತ್ತಿಕೊಳ್ಳುವುದು ಊಟದ ಹೊತ್ತಿಗೆ. ಐಸ್ ಪ್ಯಾಕ್, ಫ್ರಿಜ್ಜು ಎರಡೂ ಇಲ್ಲದಿದ್ದರೆ ಆ ದಿನ ಡಬ್ಬಿಗೆ ಬೇರೆ ಏನಾದರೂ ಕಟ್ಟಿ.

ಬೇಯಿಸಿದ ಕೋಳಿ ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಮೊಸರಿನಲ್ಲಿ ಬೆರೆಸಿದ್ದನ್ನು ಮಾರನೆಯ ದಿನವೇ ಮುಗಿಸಿ. ಭಾನುವಾರ ಮಾಡಿದ ಕೋಳಿ ಹುರಿದದ್ದು ಉಳಿದಿದ್ದರೆ ಮೂಳೆ ಬಿಡಿಸಿ, ಒಮ್ಮೆ ಹಬೆಯಾಡುವಷ್ಟು ಬಿಸಿ ಮಾಡಿ ಆರಿಸಿ, ಇದೇ ಮೊಸರಿಗೆ ಹಾಕಿ. ಆಗ ಕರಿಮೆಣಸು, ಉಪ್ಪು ಅರ್ಧ ಸಾಕು.

ಸೋಮವಾರ, ಶನಿವಾರ ಬಾಡು ಮುಟ್ಟದ ಮನೆ ನಮ್ಮದು. ಆ ದಿನಗಳಲ್ಲಿ ಕೋಳಿಯ ಜಾಗಕ್ಕೆ ಬೇಯಿಸಿ ನೀರು ಬಸಿದ ಕಡಲೆಕಾಳು, ಚಳಿಗಾಲದಲ್ಲಿ ಹಿತಕಿದ ಅವರೆಬೇಳೆ ಹಾಕುತ್ತೇನೆ. ಅವರೆಬೇಳೆಯನ್ನು ಮುಕ್ಕಾಲು ಭಾಗವಷ್ಟೇ ಬೇಯಿಸಿ ಬಟ್ಟೆಯ ಮೇಲೆ ಹರಡಿ ಆರಿಸಬೇಕು, ಪೂರ್ತಿ ಬೆಂದರೆ ಮೊಸರಲ್ಲಿ ಕರಗುತ್ತದೆ. ಅದಕ್ಕೆ ಪುದೀನ ಬೇಡ, ಸಬ್ಬಸಿಗೆ ಸೊಪ್ಪು ಹಾಕಿ.